ಹನ್ನೊಂದು ನಿಮಿಷದ ಮಳೆ: ಒಬ್ಬ ಬಾಣಂತಿಯ ನಿದ್ದೆ ಮತ್ತು ವರ್ಚುವಲ್ ರಿಯಾಲಿಟಿಯ ಪ್ರಕರಣ

"ಮಗು ಮಲಗಿದಾಗ ನೀನೂ ಮಲಗು" ಎಂದು ಬಾಣಂತಿಗೆ ಹೇಳದ ಮನೆ ಇರಲಿಕ್ಕಿಲ್ಲ. ಈ ಪ್ರಕರಣದ ತಾಯಿ ನನ್ನ ಎದುರು ಕುಳಿತು ಆಡಿದ ಮೊದಲ ಮಾತೇ ಅದಕ್ಕೆ ಉತ್ತರದಂತಿತ್ತು: "ಮಗು ಮಲಗುತ್ತದೆ ಮೇಡಂ. ನನಗೇ ಆಗುವುದಿಲ್ಲ."

ಆಪ್ತಸಮಾಲೋಚಕಿಯಾದ ನನಗೆ ಈ ಮಾತಿನ ತೂಕ ಗೊತ್ತು. ಎಳೆಗೂಸು ಇರುವ ಮನೆಯಲ್ಲಿ ನಿದ್ದೆ ಕೆಡುವುದು ಸಹಜ. ಮಗು ಎರಡು ಮೂರು ಗಂಟೆಗೊಮ್ಮೆ ಹಾಲಿಗೆ ಏಳುತ್ತದೆ. ಹಗಲು ರಾತ್ರಿಯ ಲಯ ಅದಕ್ಕೆ ಹತ್ತಲು ಎರಡು ಮೂರು ತಿಂಗಳಾದರೂ ಬೇಕು. ಆದರೆ ಮಗು ಗಾಢವಾಗಿ ಮಲಗಿದೆ, ನೋಡಿಕೊಳ್ಳುವವರು ಪಕ್ಕದಲ್ಲೇ ಇದ್ದಾರೆ, ಮೈ ದಣಿದು ಹಣ್ಣಾಗಿದೆ, ಆದರೂ ತಾಯಿಗೆ ಕಣ್ಣು ಹತ್ತುತ್ತಿಲ್ಲ ಎಂದರೆ ಅದು ಬೇರೆಯೇ ವಿಷಯ. ಆತಂಕವೋ ಖಿನ್ನತೆಯೋ ಒಳಗೆ ಬೇರುಬಿಟ್ಟಿರಬಹುದು ಎಂಬ ಸೂಚನೆ ಅದು.

ಇದನ್ನು ಬರೆಯಲು ಆಕೆಯ ಒಪ್ಪಿಗೆ ಪಡೆದಿದ್ದೇನೆ. ಹೆಸರು ಬಳಸಿಲ್ಲ, ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ.

ಮನೆಯೊಳಗಿನ ಕಾವಲು

ವಯಸ್ಸು 29. ತವರು ತೀರ್ಥಹಳ್ಳಿಯ ಕಡೆ, ಅಡಿಕೆ ತೋಟದ ಮನೆ. ಹೊರವರ್ತುಲ ರಸ್ತೆಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ; 26 ವಾರಗಳ ಹೆರಿಗೆ ರಜೆಯಲ್ಲಿದ್ದರು. ವಾಸ ವಿಜಯನಗರದಲ್ಲಿ, ಎರಡನೇ ಮಹಡಿಯ ಬಾಡಿಗೆ ಮನೆ. ಬಾಣಂತನಕ್ಕೆ ತವರಿಗೆ ಹೋಗುವುದೆಂದು ಮೊದಲೇ ಮಾತಾಗಿತ್ತು. ಆದರೆ ಹೆರಿಗೆಯ ಹೊತ್ತಿನಲ್ಲಿ ಮಗುವಿನ ಎದೆಬಡಿತ ಇಳಿದು ತುರ್ತಾಗಿ ಸಿಸೇರಿಯನ್ ಮಾಡಬೇಕಾಯಿತು. ಹೊಲಿಗೆ ಹಾಕಿದ ಮೈಯಲ್ಲಿ ಅಷ್ಟು ದೂರದ ಪ್ರಯಾಣ ಬೇಡವೆಂದು ಅಮ್ಮನೇ ಬೆಂಗಳೂರಿಗೆ ಬಂದು ನಿಂತರು.

ಆಕೆ ನನ್ನಲ್ಲಿಗೆ ಬಂದಾಗ ಮಗುವಿಗೆ ಏಳು ವಾರ. 1987ರಿಂದ ಬಳಕೆಯಲ್ಲಿರುವ ಎಡಿನ್‌ಬರೋ ಪ್ರಸವೋತ್ತರ ಖಿನ್ನತೆಯ ಪ್ರಶ್ನಾವಳಿಯನ್ನು ಕನ್ನಡದಲ್ಲಿ ಕೊಟ್ಟೆ. ಹತ್ತು ಪ್ರಶ್ನೆ, ಕಳೆದ ಏಳು ದಿನಗಳ ಮನಸ್ಥಿತಿ, ಒಟ್ಟು 30 ಅಂಕ. 13 ದಾಟಿದರೆ ನಾವು ತಡಮಾಡುವುದಿಲ್ಲ. ಆಕೆಗೆ 15 ಬಂತು. ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಕುರಿತ ಹತ್ತನೇ ಪ್ರಶ್ನೆಗೆ 'ಎಂದೂ ಇಲ್ಲ' ಎಂದು ಗುರುತು ಹಾಕಿದ್ದರು. ಇಂಥ ತಾಯಂದಿರು ಅಪರೂಪವಲ್ಲ. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಪ್ರಸವೋತ್ತರ ಖಿನ್ನತೆಯ ಪ್ರಮಾಣ ಶೇಕಡಾ 22ರಷ್ಟಿದೆ ಎಂದು ಅಂದಾಜಿಸಿತ್ತು. ಐದು ಬಾಣಂತಿಯರಲ್ಲಿ ಒಬ್ಬರು ಎಂದು ಹೇಳಿದರೆ ಹೆಚ್ಚಾಗದು.

ಒಂದು ವಾರ ನಿದ್ದೆಯ ದಿನಚರಿ ಬರೆಯಿಸಿದೆ. ದಿನಕ್ಕೆ ಒಟ್ಟು ನಾಲ್ಕೂವರೆ ಗಂಟೆ, ಅದೂ ಚೂರುಚೂರು. ಒಂದೇ ಸಮನೆ ಮಲಗಿದ ಅತಿ ಉದ್ದದ ಅವಧಿ ಎಪ್ಪತ್ತು ನಿಮಿಷ. ಉಳಿದ ಹೊತ್ತು ಏನು ಮಾಡುತ್ತೀರಿ ಎಂದು ಕೇಳಿದಾಗ ಮಾತಿನಲ್ಲಿ ಹೇಳದೆ ಮಾಡಿ ತೋರಿಸಿದರು: ಬಲಗೈಯ ಎರಡು ಬೆರಳನ್ನು ನನ್ನ ಮೇಜಿನ ಮೇಲೆ ಒತ್ತಿಯೂ ಒತ್ತದ ಹಾಗೆ ಇಟ್ಟು ಉಸಿರು ಬಿಗಿಹಿಡಿದರು. ಸೊಳ್ಳೆಪರದೆಯೊಳಗೆ ಕೈ ತೂರಿಸಿ ಮಗುವಿನ ಪಕ್ಕೆಲುಬಿನ ಮೇಲೆ ಹೀಗೆ ಬೆರಳಿಟ್ಟು ಉಸಿರು ಎಣಿಸುತ್ತಾರೆ. ಮೊಬೈಲಿನಲ್ಲಿ ಯಾವ ಮೊಲೆ, ಎಷ್ಟು ನಿಮಿಷ ಎಂಬ ಲೆಕ್ಕ: 2.12, 2.47, 3.05. ಬಚ್ಚಲಿನ ನಲ್ಲಿ ತಿರುಗಿಸಿದರೂ ನೀರಿನ ಸದ್ದಿನಲ್ಲಿ ಮಗು ಅತ್ತಂತೆ ಕೇಳುತ್ತದೆ. ನಲ್ಲಿ ನಿಲ್ಲಿಸಿ ಓಡುತ್ತಾರೆ. ಮಗು ಮಲಗಿಯೇ ಇರುತ್ತದೆ.

ಇದನ್ನು ನಾನು ನನ್ನ ಟಿಪ್ಪಣಿಯಲ್ಲಿ 'ಕಾವಲು' ಎಂದು ಬರೆದುಕೊಂಡೆ. ಕಾವಲಿಗೆ ನಿಂತವರು ಮಲಗುವುದಿಲ್ಲ. ಕಾವಲು ಬದಲಿಸಲು ಇನ್ನೊಬ್ಬರು ಬಂದು ನಿಂತರೂ ಆಕೆಯ ಮನಸ್ಸು ಅದನ್ನು ಒಪ್ಪುತ್ತಿರಲಿಲ್ಲ. ಮುಂದಿನ ಚಿಕಿತ್ಸೆಗೆಲ್ಲ ದಾರಿ ತೋರಿಸಿದ್ದು ಈ ಒಂದು ಪದ.

ಮೊದಲು ಮಾಡಬೇಕಾದ್ದನ್ನು ಮೊದಲು ಮಾಡಿದೆವು. ಹೆರಿಗೆಯ ನಂತರ ಥೈರಾಯ್ಡ್ ಏರುಪೇರಾಗಿಯೂ ನಿದ್ದೆ, ಮನಸ್ಸು ಎರಡೂ ಕೆಡಬಹುದು; ಪರೀಕ್ಷೆಯಲ್ಲಿ ಅದು ಸರಿಯಿತ್ತು. ಹಿಮೋಗ್ಲೋಬಿನ್ 9.6 ಇತ್ತು, ಕಬ್ಬಿಣಾಂಶದ ಮಾತ್ರೆ ಆರಂಭವಾಯಿತು. ಮನೋವೈದ್ಯರು ನೋಡಿದರು. ಉನ್ಮಾದದ ಹಿನ್ನೆಲೆ, ಭ್ರಮೆ, ಮೂರ್ಛೆರೋಗ ಯಾವುದೂ ಇಲ್ಲವೆಂದು ಖಚಿತಪಡಿಸಿಕೊಂಡರು. ಇವುಗಳಲ್ಲಿ ಯಾವುದೇ ಒಂದು ಇದ್ದಿದ್ದರೂ ವರ್ಚುವಲ್ ರಿಯಾಲಿಟಿಯ (ವಿ.ಆರ್.) ಮಾತನ್ನೇ ನಾನು ಎತ್ತುತ್ತಿರಲಿಲ್ಲ. ಹಾಲೂಡಿಸುವ ತಾಯಂದಿರಿಗೆ ಖಿನ್ನತೆಗೆಂದು ಸಾಮಾನ್ಯವಾಗಿ ಕೊಡುವ ಸರ್ಟ್ರಾಲಿನ್ ಮಾತ್ರೆಯ ಬಗ್ಗೆ ಚರ್ಚೆಯಾಯಿತು. ಆಕೆ ಕೆಲವು ವಾರ ಕಾದು ನೋಡಲು ಬಯಸಿದರು. ಪ್ರತಿವಾರ ಬಂದು ತೋರಿಸಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ವೈದ್ಯರು ಒಪ್ಪಿದರು.

ಕಣ್ಣು ಮುಚ್ಚಿದರೆ ದೀಪ

ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ನಿಮಿಷಕ್ಕೆ ಆರು ಉಸಿರು. ಹೊರಬಿಡುವ ಉಸಿರು ನೀಳವಾದಾಗ ಎದೆಬಡಿತ ನಿಧಾನವಾಗುತ್ತದೆ, ಮೈ ಸಡಿಲವಾಗುತ್ತದೆ. ಕಾಸಿನ ಖರ್ಚಿಲ್ಲದ ಈ ಅಭ್ಯಾಸ ಬಹಳ ಜನರಿಗೆ ಸಾಕಾಗುತ್ತದೆ. ಈಕೆಗೆ ಆಗಲಿಲ್ಲ. ಕಣ್ಣು ಮುಚ್ಚಿದೊಡನೆ ಶಸ್ತ್ರಚಿಕಿತ್ಸಾ ಕೊಠಡಿಯ ದೊಡ್ಡ ದುಂಡು ದೀಪ ಮುಖದ ಮೇಲೆ ಬಂದು ನಿಲ್ಲುತ್ತಿತ್ತು. ಕಣ್ಣು ತೆರೆದರೆ ಮಗುವಿನ ಕಡೆಗೇ ನೋಟ. ಮುಚ್ಚಲೂ ಆಗದ, ತೆರೆಯಲೂ ಆಗದ ಇಕ್ಕಟ್ಟು.

ಕಣ್ಣಿಗೆ ಕಟ್ಟಿಕೊಳ್ಳುವ ಪರದೆಯಾದ ವಿ.ಆರ್. ಹೆಡ್‌ಸೆಟ್ ನೆನಪಾದದ್ದು ಅಲ್ಲಿ. ಕಣ್ಣು ತೆರೆದೇ ಇರುತ್ತದೆ, ಆದರೆ ಕಾಣುವುದು ಈ ಕೋಣೆಯಲ್ಲ. ಇದರ ಹಿಂದಿನ ತರ್ಕ ಹೊಸದಲ್ಲ. 1990ರ ದಶಕದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಸುಟ್ಟಗಾಯದ ರೋಗಿಗಳಿಗೆ ಪಟ್ಟಿ ಬದಲಿಸುವಾಗ ವಿ.ಆರ್. ದೃಶ್ಯ ತೋರಿಸಿ ನೋವು ತಗ್ಗಿಸುವ ಪ್ರಯೋಗಗಳು ಆರಂಭವಾದವು; ಮುಂದೆ ಅದಕ್ಕೆಂದೇ ಹಿಮದ ಕಣಿವೆಯ ದೃಶ್ಯವೊಂದನ್ನು ರೂಪಿಸಿದರು. ಮನುಷ್ಯನ ಗಮನಕ್ಕೆ ಮಿತಿಯಿದೆ. ಕಣ್ಣು ಕಿವಿ ಎರಡನ್ನೂ ಹಿಮ ತುಂಬಿಕೊಂಡರೆ ನೋವಿಗೆ ಉಳಿಯುವ ಜಾಗ ಕಡಿಮೆ. 2021ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ದೀರ್ಘಕಾಲದ ಬೆನ್ನುನೋವಿಗೆ ಮನೆಯಲ್ಲೇ ಬಳಸುವ ಎಂಟು ವಾರಗಳ ವಿ.ಆರ್. ಕಾರ್ಯಕ್ರಮವೊಂದಕ್ಕೆ ಅನುಮತಿಯನ್ನೂ ಕೊಟ್ಟಿತು. ಬಾಣಂತಿಯರ ಮೇಲೆ ನಡೆದ ಅಧ್ಯಯನಗಳಾದರೋ ಹೆಚ್ಚಿನವು ಸಣ್ಣವು, ಅಲ್ಪಾವಧಿಯವು. ಆದ್ದರಿಂದ ಚಿಕಿತ್ಸೆಯ ಜೊತೆಗೊಂದು ಆಸರೆ ಎಂದು ಇದನ್ನು ಮುಂದಿಟ್ಟೆ. ಇದೇ ಚಿಕಿತ್ಸೆ ಎಂದು ಹೇಳಲಿಲ್ಲ. ಆಕೆಗೂ ಹಾಗೆಯೇ ತಿಳಿಸಿದೆ.

ಮೊದಲ ಎರಡು ಪ್ರಯತ್ನ ಸೋತವು, ತಪ್ಪು ನನ್ನದೇ. ಮೊದಲ ದಿನ ಸಿದ್ಧವಾಗಿ ಸಿಗುವ ಕಡಲತೀರದ ದೃಶ್ಯ ಹಾಕಿದೆ. ಇಂಗ್ಲಿಷಿನಲ್ಲಿ ಮೆಲುದನಿಯ ಮಾರ್ಗದರ್ಶನ. ನಾಲ್ಕನೇ ನಿಮಿಷಕ್ಕೆ ಆಕೆ ಕಳಚಿಟ್ಟರು. "ಮಗುವನ್ನು ಬಿಟ್ಟು ಎಲ್ಲೋ ಪ್ರವಾಸಕ್ಕೆ ಬಂದ ಹಾಗಿದೆ" ಎಂದರು, ಕಣ್ಣು ತುಂಬಿತ್ತು. ಎರಡನೇ ಸಲ ಕಾಡಿನ ನಡುವೆ ನಡೆದುಹೋಗುವ ದೃಶ್ಯ. ಹೊಟ್ಟೆ ತೊಳಸಿತು. ಮುಂದೆ ಹೋಗುತ್ತಿದ್ದೀಯೆ ಎಂದು ಕಣ್ಣು ಹೇಳುತ್ತದೆ, ಕುಳಿತಲ್ಲೇ ಇದ್ದೀಯೆ ಎಂದು ಒಳಗಿವಿ ಹೇಳುತ್ತದೆ; ಈ ಜಗಳವೇ ವಾಕರಿಕೆ. ನಿದ್ದೆಗೆಟ್ಟವರಿಗೆ ಇದು ಇನ್ನೂ ಬೇಗ ತಗಲುತ್ತದೆ ಎಂಬುದು ನನ್ನ ಅನುಭವ. ಅಂದಿನಿಂದ ಬಾಣಂತಿಯರಿಗೆ ಕ್ಯಾಮೆರಾ ಚಲಿಸುವ ದೃಶ್ಯವನ್ನು ನಾನು ತೋರಿಸುವುದೇ ಇಲ್ಲ.

ಕಡಲು ಬೇಡವಾದರೆ ಎಲ್ಲಿರಬೇಕು ಅನಿಸುತ್ತದೆ ಎಂದು ಕೇಳಿದೆ. ಆಕೆ ಯೋಚಿಸಲೂ ಇಲ್ಲ. "ನಮ್ಮನೆ ಜಗಲಿ. ಮಳೆ ಬರುತ್ತಿರಬೇಕು."

ತೀರ್ಥಹಳ್ಳಿಯ ಅಂಗಳ

ಜುಲೈ ತಿಂಗಳು. ಊರಿನಲ್ಲಿ ಮಳೆಗೇನೂ ಬರವಿರಲಿಲ್ಲ. ಸುತ್ತ 360 ಡಿಗ್ರಿಯನ್ನೂ ಒಮ್ಮೆಗೇ ಚಿತ್ರಿಸುವ ಅಂಗೈಯಗಲದ ಕ್ಯಾಮೆರಾವೊಂದನ್ನು ಆಕೆಯ ತಮ್ಮನಿಗೆ ಬಸ್ಸಿನಲ್ಲಿ ಕಳಿಸಿಕೊಟ್ಟೆವು. ಆತ ಜಗಲಿಯ ನಡುವೆ ಅದನ್ನು ಕೋಲಿಗೆ ಸಿಕ್ಕಿಸಿ, ತಾನು ಅಟ್ಟ ಹತ್ತಿ ಅವಿತುಕೊಂಡು ಚಿತ್ರಿಸಿದ. ಮೊದಲ ಚಿತ್ರಣ ಸರಿಹೋಗಲಿಲ್ಲ. ನಿಂತವನ ಕಣ್ಣಿನ ಎತ್ತರಕ್ಕೆ ಇಟ್ಟಿದ್ದರಿಂದ ಕುರ್ಚಿಯಲ್ಲಿ ಕುಳಿತು ನೋಡಿದ ಆಕೆಗೆ ನೆಲ ಬಿಟ್ಟು ತೇಲಿದಂತಾಯಿತು. ಎರಡನೇ ಸಲ ಕುಳಿತವರ ಕಣ್ಣಿನ ಮಟ್ಟ, ಸುಮಾರು ನಾಲ್ಕು ಅಡಿಗೆ ಇಳಿಸಿದ. ಅದು ಸರಿಯಾಗಿ ಕೂತಿತು. ಹನ್ನೊಂದು ನಿಮಿಷದ ಮಳೆ: ಹೆಂಚಿನ ಮೇಲಿನ ಒಂದೇ ಸಮನೆಯ ಸದ್ದು, ಸೂರಿನಿಂದ ಇಳಿಯುವ ನೀರಿನ ಸಾಲು, ಪಾಚಿ ಹಿಡಿದ ಅಂಗಳದಾಚೆ ಅಡಿಕೆ ಮರಗಳು. ಏಳನೇ ನಿಮಿಷದಲ್ಲಿ ಕಂಬಳಿ ಕೊಪ್ಪೆ ಹೊದ್ದ ಅಪ್ಪ ಹುಲ್ಲಿನ ಹೊರೆ ಹಿಡಿದು ಅಂಗಳ ದಾಟಿ ಕೊಟ್ಟಿಗೆಗೆ ಹೋಗುತ್ತಾರೆ. ಕ್ಯಾಮೆರಾ ಇದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಅದರ ಮೇಲೆ ನನ್ನ ಧ್ವನಿಯಲ್ಲಿ ಎಣಿಕೆ ಸೇರಿಸಿದೆ, ಕನ್ನಡದಲ್ಲಿ, ಮಳೆಯ ಸದ್ದಿಗಿಂತ ತಗ್ಗಿದ ದನಿಯಲ್ಲಿ.

ಅಪ್ಪ ಅಂಗಳ ದಾಟಿದಾಗ ಆಕೆ ಅತ್ತರು. ಹೆಡ್‌ಸೆಟ್ಟಿನ ಅಂಚಿನಿಂದ ನೀರು ಕೆನ್ನೆಗೆ ಇಳಿಯುತ್ತಿತ್ತು. ನಿಲ್ಲಿಸಲೇ ಎಂದು ಕೇಳಿದೆ, ಬೇಡವೆಂದು ಕೈಯಾಡಿಸಿದರು. ಅಳು ಕಂಡೊಡನೆ ಹದಗೆಟ್ಟಿತು ಎಂದು ತೀರ್ಮಾನಿಸಬಾರದು. ಹೆರಿಗೆಯಾದಾಗಿನಿಂದ ಆಕೆ ಹೆದರಿ ಅತ್ತಿದ್ದರು, ಸುಸ್ತಾಗಿ ಅತ್ತಿದ್ದರು; ಊರು ನೆನೆದು ಅತ್ತದ್ದು ಇದೇ ಮೊದಲು. ಮುಗಿದ ಮೇಲೆ ಹೆಗಲು ಕಿವಿಯಿಂದ ಎರಡು ಬೆರಳು ಕೆಳಗಿಳಿದಿತ್ತು.

ಇಷ್ಟಾದರೂ ಮನೆಗೆ ಸಾಧನ ಒಯ್ಯಲು ಒಂದು ತಡೆಯಿತ್ತು: ಅಮ್ಮ. "ಬಾಣಂತಿ ಕಣ್ಣಿಗೆ ತ್ರಾಸ ಕೊಡಬಾರದು. ನಾವು ಪೇಪರ್ ಕೂಡ ಓದುತ್ತಿರಲಿಲ್ಲ. ಇದನ್ನು ಕಣ್ಣಿಗೇ ಕಟ್ಟುತ್ತೀರಲ್ಲಮ್ಮಾ" ಎಂದರು. ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟು, ಸಾಂಬ್ರಾಣಿ ಹೊಗೆ ಹಾಕಿ, ಮೆಣಸು ಬೆಳ್ಳುಳ್ಳಿಯ ಸಾರು ಮಾಡಿ ಏಳು ವಾರ ಮಗಳನ್ನು ಕಾಪಾಡಿದವರ ಮಾತು. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ವೈದ್ಯಕೀಯ ಸಿಬ್ಬಂದಿಯನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬಾಣಂತಿಯ ಸುತ್ತ ಬೇಲಿ ಹಾಕಿ ಆಕೆಗೆ ವಿಶ್ರಾಂತಿ ದೊರಕಿಸುವ ವ್ಯವಸ್ಥೆ ಅದು. ಮೇಲಾಗಿ ಅಮ್ಮನ ಆಕ್ಷೇಪದಲ್ಲಿ ತಿರುಳೂ ಇತ್ತು. ಅರ್ಧ ಕಿಲೋ ತೂಕದ ವಸ್ತು ಮುಖದ ಮುಂದೆ ಜೋತುಬಿದ್ದರೆ ಹಾಲೂಡಿಸಿ ಬಳಲಿದ ಕತ್ತಿಗೆ ನೋವು ಬರುವುದೇ. ಮಲಗುವ ಹೊತ್ತಿನಲ್ಲಿ ಕಣ್ಣಿಗೆ ಬೀಳುವ ಪರದೆಯ ಬೆಳಕು ನಿದ್ದೆ ತರುವ ಮೆಲಟೋನಿನ್ ಸ್ರಾವವನ್ನು ತಡೆಯುತ್ತದೆ.

ಅಮ್ಮನಿಗೇ ಒಮ್ಮೆ ತೊಡಿಸಿದೆ. ಕ್ಷಣಹೊತ್ತು ಮಾತಿಲ್ಲ. ಆಮೇಲೆ ಮುಂದಕ್ಕೆ ಬಾಗಿ ಕೈ ಚಾಚಿದರು. "ಸೂರಿನಡಿ ಇಟ್ಟ ಕೊಡಪಾನ ತುಂಬಿ ಹೋಗುತ್ತಿದೆ, ಈ ಹುಡುಗನಿಗೆ ಕಣ್ಣು ಕಾಣುವುದಿಲ್ಲವೇ!" ನಾನು ಎಷ್ಟೋ ಸಲ ನೋಡಿದ್ದರೂ ಆ ಕೊಡಪಾನವನ್ನು ಗಮನಿಸಿಯೇ ಇರಲಿಲ್ಲ. ಕಳಚಿಟ್ಟ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ನಾನೂ ಮನೆ ಬಿಟ್ಟು ಎರಡು ತಿಂಗಳಾಯಿತು. ನನಗೂ ನಿದ್ದೆಯಿಲ್ಲ" ಎಂದರು. ಅಲ್ಲಿಯವರೆಗೆ ಅದನ್ನು ಅವರಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಎಡ ಹೆಗಲು

ಮೂವರೂ ಕೂತು, ಅಂದರೆ ತಾಯಿ, ಅಮ್ಮ ಮತ್ತು ಗಂಡ, ಒಂದು ಕ್ರಮ ಹಾಕಿಕೊಂಡರು. ಸಂಜೆ ಏಳೂವರೆಗೆ ಹಾಲೂಡಿಸಿದ ಮೇಲೆ ಕೈಯಿರುವ ಕುರ್ಚಿಯಲ್ಲಿ ಕುಳಿತು ಹನ್ನೊಂದು ನಿಮಿಷ. ಮಗು ಮಡಿಲಲ್ಲಿ ಇರಕೂಡದು, ಹಾಸಿಗೆಯ ಮೇಲೆ ಪಕ್ಕದಲ್ಲೂ ಇರಕೂಡದು. ಹೆಡ್‌ಸೆಟ್ಟಿನ ಹಿಂಬದಿಗೆ ಸಮತೂಕದ ಪಟ್ಟಿ, ಪರದೆಯ ಬೆಳಕು ಕನಿಷ್ಠ. ಮಳೆಗಾಲದ ಬೂದು ಬೆಳಕಿನ ಚಿತ್ರವಾದದ್ದು ಇಲ್ಲಿ ಅನುಕೂಲವೇ ಆಯಿತು. ಅದಾದ ಸಾಕಷ್ಟು ಹೊತ್ತಿನ ನಂತರ, ಒಂಬತ್ತಕ್ಕೆ, ಆಕೆ ಬೇರೆ ಕೋಣೆಯಲ್ಲಿ ಮಲಗುವುದು. ಅಲ್ಲಿ ಸಾಧನವಿಲ್ಲ, ಅದೇ ಎಣಿಕೆಯ ಉಸಿರು ಮಾತ್ರ. ಒಂಬತ್ತರಿಂದ ಒಂದರವರೆಗೆ ಮಗು ಎದ್ದರೆ, ಮೊದಲೇ ಹಿಂಡಿ ಇಟ್ಟ ಎದೆಹಾಲನ್ನು ಗಂಡ ಒಳಲೆಯಲ್ಲಿ ಕುಡಿಸುವುದು.

ಗಂಡನಿಗೆ ಅಳುಕಿತ್ತು. ಖಾಸಗಿ ಕಂಪನಿಯ ನೌಕರ. ಕೇಂದ್ರ ಸರ್ಕಾರಿ ನೌಕರರಿಗಿರುವ 15 ದಿನದ ಪಿತೃತ್ವ ರಜೆಯಂಥದ್ದನ್ನು ಖಾಸಗಿ ವಲಯಕ್ಕೆ ಕಡ್ಡಾಯ ಮಾಡುವ ಕಾನೂನು ನಮ್ಮಲ್ಲಿಲ್ಲ. ಐದು ದಿನ ರಜೆ ಹಾಕಿ ಮರಳಿ ಕೆಲಸಕ್ಕೆ ಹೋದವರಿಗೆ ಮಗುವನ್ನು ಎತ್ತಿಕೊಳ್ಳಲು ಯಾರೂ ಕಲಿಸಿರಲಿಲ್ಲ. ಒಳಲೆಯ ಮೂತಿಯನ್ನು ಕೆಳತುಟಿಗೆ ತಾಗಿಸಿ, ಬಾಯಿಗೆ ಸುರಿಯದೆ, ಮಗುವೇ ಹೀರುವಂತೆ ಹಿಡಿಯುವುದನ್ನು ಅಮ್ಮ ಅಳಿಯನಿಗೆ ಕಲಿಸಿದರು.

ಇನ್ನು ಮುಖ್ಯವಾದ ಸಂಗತಿ. "ಮಳೆ ಸದ್ದಿನಲ್ಲಿ ಮಗು ಅತ್ತದ್ದು ಕೇಳದೇ ಹೋದರೆ?" ಎಂಬುದು ಆಕೆಯ ಭಯ. ಇದಕ್ಕೆ ಪರಿಹಾರವನ್ನು ಹೇಳಿದವರು ಅಮ್ಮ: "ಅಳುವುದನ್ನು ನೀನು ಕೇಳಬೇಡ ಮಾರಾಯ್ತಿ. ಬೇಕಾದರೆ ನಾನು ಬಂದು ನಿನ್ನ ಎಡ ಹೆಗಲು ಮುಟ್ಟುತ್ತೇನೆ. ಮುಟ್ಟಿಲ್ಲ ಅಂದರೆ ಮಗು ಸುಖವಾಗಿದೆ ಅಂತ." ಕಾವಲು ಕೈ ಬದಲಾಗುವ ವಿಧಾನ ಅಲ್ಲಿ ಸಿಕ್ಕಿತು. ಕಿವಿ ಮಾಡುತ್ತಿದ್ದ ಕೆಲಸವನ್ನು ಹೆಗಲಿಗೆ ವಹಿಸಿದಂತಾಯಿತು. ಮೊದಲ ಸಂಜೆ ಆಕೆ ಹನ್ನೊಂದು ನಿಮಿಷದಲ್ಲಿ ಆರು ಸಲ ಎಡ ಹೆಗಲನ್ನು ತಾವೇ ಮುಟ್ಟಿ ನೋಡಿಕೊಂಡರಂತೆ. ನಾಲ್ಕನೇ ಸಂಜೆ ಒಮ್ಮೆ.

ಮಗುವಿನ ಒಂಬತ್ತನೇ ವಾರದ ಒಂದು ರಾತ್ರಿ ಎರಡೂಮುಕ್ಕಾಲು ಗಂಟೆ ಎಚ್ಚರಗೊಳ್ಳದೆ ಮಲಗಿದರು. ಪ್ರಶ್ನಾವಳಿಯ ಅಂಕ 12ಕ್ಕೆ ಇಳಿಯಿತು. ನಾನು ಹಿಗ್ಗಿದ್ದೆ.

ಹತ್ತನೇ ವಾರ

ಹತ್ತನೇ ವಾರದ ಪೆಂಟಾವೇಲೆಂಟ್ ಚುಚ್ಚುಮದ್ದು ಹಾಕಿಸಿದ ರಾತ್ರಿ ಮಗುವಿಗೆ ಜ್ವರ ಬಂತು. ಲಸಿಕೆಯ ನಂತರ ಇದು ಸಾಮಾನ್ಯ, ಒಂದೆರಡು ದಿನದಲ್ಲಿ ಇಳಿಯುತ್ತದೆ, ಮಗುವಿಗೂ ಇಳಿಯಿತು. ತಾಯಿಗೆ ಇಳಿಯಲಿಲ್ಲ. ಬೆರಳು ಮತ್ತೆ ಪಕ್ಕೆಲುಬಿಗೆ ಹೋಯಿತು, ಮೊಬೈಲಿನ ಲೆಕ್ಕ ಶುರುವಾಯಿತು, ಹೆಡ್‌ಸೆಟ್ ಪೆಟ್ಟಿಗೆಯಲ್ಲೇ ಉಳಿಯಿತು. ವಾರದ ಭೇಟಿಗೆ ಬಂದಾಗ ಅಂಕ 16. ಹತ್ತನೇ ಪ್ರಶ್ನೆಗೆ 'ಎಂದೂ ಇಲ್ಲ' ಎಂಬಲ್ಲಿ 'ಅಪರೂಪಕ್ಕೆ' ಎಂದಿತ್ತು. ಏನೆನಿಸಿತು ಎಂದು ನೇರವಾಗಿ ಕೇಳಿದೆ. "ನಾನಿಲ್ಲದಿದ್ದರೆ ಅಮ್ಮನೇ ಚೆನ್ನಾಗಿ ನೋಡಿಕೊಳ್ಳುತ್ತಾರೆ ಅನಿಸಿತು" ಎಂದರು.

ಆ ದಿನವೇ ಮನೋವೈದ್ಯರು ನೋಡಿದರು. ಯೋಜನೆ, ಉದ್ದೇಶ ಏನೂ ಇರಲಿಲ್ಲ. ಸರ್ಟ್ರಾಲಿನ್ ಸಣ್ಣ ಪ್ರಮಾಣದಲ್ಲಿ ಆರಂಭವಾಯಿತು. ಆಕೆ ಒಬ್ಬರೇ ಇರದಂತೆ ಮನೆಯವರು ನೋಡಿಕೊಂಡರು. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಗಂಡ ಫ್ರಿಜ್ಜಿನ ಮೇಲೆ ಬರೆದು ಅಂಟಿಸಿದರು. ಇನ್ನೂ ಹದಗೆಟ್ಟರೆ ಎಲ್ಲಿಗೆ ಹೋಗಬೇಕೆಂಬುದನ್ನೂ ಮಾತಾಡಿಕೊಂಡೆವು. ತಾಯಿ ಮಗುವನ್ನು ಬೇರ್ಪಡಿಸದೆ ದಾಖಲಿಸಿಕೊಳ್ಳುವ ವಿಭಾಗ ನಮ್ಮದೇ ಊರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ. ದೇಶದಲ್ಲಿ ಅಂಥದ್ದು ಮೊದಲನೆಯದು. ಬೆಂಗಳೂರಿನ ಎಷ್ಟೋ ಮನೆಗಳಿಗೆ ಇದು ತಿಳಿದಿಲ್ಲ ಎಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಮಳೆಯ ಚಿತ್ರದ ಬಗ್ಗೆ ನನಗಿದ್ದ ಹಿಗ್ಗು ಆ ವಾರ ಇಳಿಯಿತು. ಮಾತ್ರೆಯನ್ನು ಮೊದಲೇ ಶುರುಮಾಡಬೇಕಿತ್ತೇ ಎಂದು ವೈದ್ಯರೂ ನಾನೂ ಕೂತು ಯೋಚಿಸಿದೆವು. 15 ಅಂಕವಿದ್ದ, ಸಿಸೇರಿಯನ್ ನೆನಪು ಕಾಡುತ್ತಿದ್ದ ತಾಯಿಯ ವಿಷಯದಲ್ಲಿ ಇನ್ನೊಮ್ಮೆ ನಾನು ಕಾಯುವ ಪರ ನಿಲ್ಲುವುದಿಲ್ಲ. ಮನಸ್ಸಿಗೆ ಹಿತವಾದದ್ದೊಂದು ಸಿಕ್ಕಿದಾಗ, ಅದು ಒಳ್ಳೆಯದೇ ಆಗಿದ್ದರೂ, ಬೇಕಾದ ಔಷಧ ತಡವಾಗುವ ಅಪಾಯವಿದೆ.

ಆರು ದಿನದ ಬಳಿಕ ಜಗಲಿಗೆ ಮರಳಿದವರು ಆಕೆಯೇ. ಯಾರೂ ಒತ್ತಾಯಿಸಲಿಲ್ಲ. ಹನ್ನೆರಡನೇ ವಾರದಲ್ಲಿ ಹೆಡ್‌ಸೆಟ್ ದಿನ ಬಿಟ್ಟು ದಿನಕ್ಕೆ ಬಂತು. ನಡುವಿನ ದಿನಗಳಲ್ಲಿ ಅದೇ ಮಳೆಯ ಸದ್ದು ಮಾತ್ರ, ಮೊಬೈಲಿನಿಂದ. ಹದಿನಾಲ್ಕನೇ ವಾರ ಅಂಕ 9. ಒಂಬತ್ತರಿಂದ ಒಂದರ ನಿದ್ದೆ ಹೆಚ್ಚಿನ ರಾತ್ರಿಗಳಲ್ಲಿ ಸಿಗುತ್ತಿತ್ತು. ಶಸ್ತ್ರಚಿಕಿತ್ಸೆಯ ದೀಪದ ಬಗ್ಗೆ ಕಣ್ಣು ಮುಚ್ಚಿ ಮಾತಾಡಲು ಆಗ ಸಾಧ್ಯವಾಯಿತು. ಆ ಕೆಲಸಕ್ಕೆ ಬೇರೆ ನಾಲ್ಕು ಭೇಟಿ ಹಿಡಿಯಿತು. ಹದಿನೆಂಟನೇ ವಾರ ಅಂಕ 6.

ಇದರಲ್ಲಿ ಮಾತ್ರೆಯ ಪಾಲೆಷ್ಟು, ಮಳೆಯ ಪಾಲೆಷ್ಟು, ಒಳಲೆ ಹಿಡಿದ ಗಂಡನ ಪಾಲೆಷ್ಟು ಎಂದು ಒಂದು ಪ್ರಕರಣದಿಂದ ಬಿಡಿಸಿ ಹೇಳಲಾಗದು. ಆಕೆಯನ್ನೇ ಕೇಳಿದೆ. ಮಾತ್ರೆಯಿಂದ ಎದೆ ಹಗುರವಾಯಿತು ಎಂದರು. ಜಗಲಿಯ ಬಗ್ಗೆ ಹೇಳಿದ್ದು ಬೇರೆ: "ಅಮ್ಮ ಮಗುವನ್ನು ಎತ್ತಿಕೊಂಡು ಹೋದರೂ ನಾನು ಹಿಂದೆಯೇ ಹೋಗುತ್ತಿದ್ದೆ. ಇದನ್ನು ಹಾಕಿಕೊಂಡಾಗ ಹೋಗಲು ಆಗುತ್ತಿರಲಿಲ್ಲ. ಹೋಗದಿದ್ದರೂ ಮಗು ಚೆನ್ನಾಗಿಯೇ ಇತ್ತು. ಅದನ್ನು ದಿನಾ ನೋಡಿದೆ."

ಕ್ಲಿನಿಕ್ಕಿನಲ್ಲಿ ಈಗ ಸಿದ್ಧ ದೃಶ್ಯಗಳನ್ನು ಕೊನೆಗೆ ಇಟ್ಟಿದ್ದೇನೆ. ಹೆಡ್‌ಸೆಟ್ಟಿಗಿಂತ ಮೊದಲು ಕ್ಯಾಮೆರಾ ಊರಿಗೆ ಹೋಗುತ್ತದೆ, ಜೊತೆಗೆ ಒಂದು ಚೀಟಿ: ನಾಲ್ಕು ಅಡಿ ಎತ್ತರ, ಅಲುಗಾಡಿಸಬೇಡಿ, ಹತ್ತು ಹನ್ನೆರಡು ನಿಮಿಷ. ಮಂಡ್ಯದ ಕಡೆಯ ಒಂದು ಗದ್ದೆ ಬದು, ಚಾಮರಾಜಪೇಟೆಯ ವಠಾರವೊಂದರ ಬಾವಿಕಟ್ಟೆ ಹೀಗೆ ಬಂದು ಸೇರಿವೆ. ಜೊತೆಗೆ ಬಂದ ಅಜ್ಜಿಗೂ ನಿದ್ದೆಯ ದಿನಚರಿಯ ಒಂದು ಹಾಳೆ ಕೊಡುತ್ತೇನೆ.

ಆ ಅಮ್ಮ ನವರಾತ್ರಿಗೆ ಮೊದಲು ಊರಿಗೆ ಹೊರಟರು. ಹೊರಡುವ ಹಿಂದಿನ ರಾತ್ರಿ ಅಳಿಯನನ್ನು ಕರೆದು ಒಂದೇ ಮಾತು ಹೇಳಿದರಂತೆ: "ಎಡ ಹೆಗಲು. ಬಲದ್ದಲ್ಲ."